ಬರಿಗೈಯಲ್ಲಿ ಹೊರಡುವ ನೀರು

ನೀರಿನ ಧಾರೆಯಿಂದ ತಿರುಗುವ ಪೆಲ್ಟನ್ ಚಕ್ರ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಆಕಸ್ಮಿಕವಾಗಿ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಸೀಮೆಯಲ್ಲಿದ್ದ ಲೆಸ್ಟರ್ ಪೆಲ್ಟನ್ ಎಂಬಾತ ಒಂದು ದಿನ ತಿರುಗುತ್ತಿದ್ದ ನೀರಿನ ಚಕ್ರವನ್ನು ನೋಡುತ್ತಿದ್ದನಂತೆ. ಚಕ್ರ ಅಚ್ಚಿನ ಮೇಲೆ ತುಸು ಜರುಗಿ, ನೀರಿನ ಧಾರೆ ಬಟ್ಟಲಿನ ನಡುವಿಗೆ ಬೀಳುವ ಬದಲು ಅಂಚಿಗೆ ಬಿತ್ತಂತೆ. ಚಕ್ರ ನಿಧಾನವಾಗುವುದರ ಬದಲು ಇನ್ನೂ ಜೋರಾಗಿ ತಿರುಗಿತಂತೆ. ಇದೇ ಕಥೆಯ ಇನ್ನೊಂದು ರೂಪದಲ್ಲಿ ಚಕ್ರದ ಜಾಗಕ್ಕೆ ಹಸು ಬರುತ್ತದೆ: ಕೊಳವೆಯ ನೀರು ಅದರ ಮೂಗಿಗೆ ಬಡಿದು, ಎರಡಾಗಿ ಸೀಳಿ ಹಿಂದಕ್ಕೆ ಚಿಮ್ಮಿತು, ಅದನ್ನು ಕಂಡವನಿಗೆ ಬಟ್ಟಲಿನ ಆಕಾರ ಹೊಳೆಯಿತು. ಎರಡೂ ಕಥೆಗಳು ಕೇಳಲು ಸೊಗಸಾಗಿವೆ. ಆದರೆ ಒಂದು ಯಂತ್ರದ ಹಿಂದಿರುವ 170 ವರ್ಷಗಳ ಜಗಳ, ಲೆಕ್ಕ, ತಪ್ಪು, ತಿದ್ದುಪಡಿ ಎಲ್ಲವನ್ನೂ ಅವು ನುಂಗಿಹಾಕುತ್ತವೆ. ಪೆಲ್ಟನ್ ಚಕ್ರ ಅದೃಷ್ಟದ ಕೂಸಲ್ಲ. ಚಕ್ರವನ್ನು ಬಿಟ್ಟು ಹೊರಡುವ ನೀರಿನಲ್ಲಿ ಇನ್ನೆಷ್ಟು ವೇಗ ಉಳಿದಿದೆ ಎಂಬ ಒಂದೇ ಒಂದು ಪ್ರಶ್ನೆಯನ್ನು ಜನ ಬಿಡದೆ ಕೇಳಿದ್ದರ ಫಲ ಅದು. ಈ ಪ್ರಶ್ನೆಯನ್ನು ಕೇಳಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ಕೇಳಿದ ಮೇಲೂ ಉತ್ತರ ಕಬ್ಬಿಣದಲ್ಲಿ ಮೂಡಲು ಇನ್ನೊಂದು ಶತಮಾನವೇ ಬೇಕಾಯಿತು. ಆ ವಿಳಂಬದ ಕಾರಣಗಳಲ್ಲೇ ಈ ಇತಿಹಾಸದ ಸ್ವಾರಸ್ಯವಿದೆ.

ನೀರಿನ ಚಕ್ರ ಹಳೆಯದು. ಹಿಮಾಲಯದ ಹಳ್ಳಿಗಳ ಘರಾಟ್‌ಗಳಲ್ಲಿ ಇಂದಿಗೂ ಇಳಿಜಾರಿನ ದೋಣಿಯಿಂದ ಧುಮುಕುವ ನೀರು ಅಡ್ಡಲಾಗಿ ಮಲಗಿದ ಮರದ ಚಕ್ರದ ಹಲಗೆಗಳಿಗೆ ಬಡಿದು ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ. ಯೂರೋಪಿನಲ್ಲಿ ಎರಡು ಬಗೆಯ ಚಕ್ರಗಳು ಹೆಚ್ಚು ಬಳಕೆಯಲ್ಲಿದ್ದವು. ಒಂದರಲ್ಲಿ ಹೊಳೆಯ ಹರಿವು ಚಕ್ರದ ಕೆಳಗಿನ ಹಲಗೆಗಳನ್ನು ತಳ್ಳುತ್ತಿತ್ತು. ಇನ್ನೊಂದರಲ್ಲಿ ನೀರು ಮೇಲಿನಿಂದ ತೊಟ್ಟಿಗಳಿಗೆ ತುಂಬಿ, ತನ್ನ ಭಾರದಿಂದಲೇ ಚಕ್ರವನ್ನು ಇಳಿಸುತ್ತಿತ್ತು. ಇವೆರಡರಲ್ಲಿ ಯಾವುದು ಮೇಲು? ಗಿರಣಿಗಳಲ್ಲಿ ಶತಮಾನಗಟ್ಟಲೆ ಹಿಟ್ಟು ಬೀಸಿದ ಮೇಲೂ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಇದಕ್ಕೆ ಒಪ್ಪಿತವಾದ ಉತ್ತರವಿರಲಿಲ್ಲ. ಇಂಗ್ಲೆಂಡಿನ ಡೆಸಾಗುಲಿಯರ್ಸ್ ಪ್ರಕಾರ ಮೇಲಿನಿಂದ ನೀರು ಬೀಳುವ ಚಕ್ರ ಹತ್ತನೆಯ ಒಂದು ಪಾಲು ನೀರಿನಲ್ಲಿ ಅಷ್ಟೇ ಕೆಲಸ ಮಾಡುತ್ತಿತ್ತು. ಫ್ರಾನ್ಸಿನ ಬೆಲಿಡೋರ್ ಇದಕ್ಕೆ ತದ್ವಿರುದ್ಧ: ಕೆಳಗಿನಿಂದ ತಳ್ಳಿಸಿಕೊಳ್ಳುವ ಚಕ್ರವೇ ಆರು ಪಟ್ಟು ಮೇಲು. ಇಬ್ಬರೂ ಹೆಸರಾಂತ ವಿದ್ವಾಂಸರು, ಇಬ್ಬರ ಪುಸ್ತಕಗಳನ್ನೂ ಎಂಜಿನಿಯರುಗಳು ಓದುತ್ತಿದ್ದರು. ಅನುಭವ ಎಷ್ಟೇ ಹಳೆಯದಾಗಿರಲಿ, ಅಳತೆಯಿಲ್ಲದಿದ್ದರೆ ಅದು ತನಗೆ ತಾನೇ ವಿರುದ್ಧ ಸಾಕ್ಷಿ ಹೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಲೆಕ್ಕ ಒಂದೇ ಇದ್ದರೆ ಸಾಲದು ಎಂಬುದನ್ನೂ ಅದೇ ಕಾಲ ತೋರಿಸಿತು. 1704ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಪಾರಾಂ ಹೊಸದಾಗಿ ಬಂದಿದ್ದ ಕಲನ ಗಣಿತವನ್ನು ನೀರಿನ ಚಕ್ರಕ್ಕೆ ಹಚ್ಚಿದ. ಹಲಗೆ ನಿಂತಿದ್ದರೆ ನೀರಿನ ಒತ್ತಡ ಹೆಚ್ಚು, ಆದರೆ ಚಲನೆಯಿಲ್ಲದ್ದರಿಂದ ಕೆಲಸ ಸೊನ್ನೆ. ಹಲಗೆ ನೀರಿನಷ್ಟೇ ವೇಗದಲ್ಲಿ ಓಡಿದರೆ ನೀರು ಅದನ್ನು ಮುಟ್ಟುವುದೇ ಇಲ್ಲ, ಆಗಲೂ ಕೆಲಸ ಸೊನ್ನೆ. ನಡುವೆ ಎಲ್ಲೋ ಗರಿಷ್ಠವಿರಬೇಕು. ಹೀಗೆ ಯೋಚಿಸಿದ್ದೇ ಒಂದು ದೊಡ್ಡ ಹೆಜ್ಜೆ. ಚಕ್ರ ನೀರಿನ ಮೂರನೆಯ ಒಂದು ವೇಗದಲ್ಲಿ ತಿರುಗಬೇಕು, ಆಗಲೂ ನೀರಿನ ಶಕ್ತಿಯ 27ರಲ್ಲಿ 4 ಪಾಲು ಮಾತ್ರ ದಕ್ಕುತ್ತದೆ ಎಂದು ಪಾರಾಂ ತೀರ್ಮಾನಿಸಿದ. ಗಣಿತದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಅದರ ಕೆಳಗಿನ ಚಿತ್ರದಲ್ಲಿ. ಆತ ಒಂದೇ ಒಂದು ಹಲಗೆ ಧಾರೆಯಿಂದ ದೂರ ಸರಿಯುವುದನ್ನು ಕಲ್ಪಿಸಿಕೊಂಡಿದ್ದ. ಹಲಗೆ ಓಡಿಹೋಗುತ್ತಿರುವಾಗ ಪ್ರತಿ ಸೆಕೆಂಡಿಗೆ ಅದನ್ನು ತಲುಪುವ ನೀರೂ ಕಡಿಮೆಯಾಗುತ್ತದೆ, ನಿಜ. ಆದರೆ ಚಕ್ರದಲ್ಲಿ ಒಂದರ ಹಿಂದೆ ಒಂದು ಹಲಗೆಗಳಿರುತ್ತವೆ; ಮೊದಲನೆಯದನ್ನು ತಲುಪದ ನೀರು ಎರಡನೆಯದಕ್ಕೆ ಬಡಿಯುತ್ತದೆ, ಹರಿವಿನ ಒಂದು ಹನಿಯೂ ಲೆಕ್ಕದ ಹೊರಗೆ ಉಳಿಯುವುದಿಲ್ಲ. ಈ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದೆ, ಪಾರಾಂನ ಅಂಕಿ ಅರ್ಧ ಶತಮಾನ ವಿದ್ವಾಂಸರ ನಡುವೆ ಪ್ರಮಾಣವಾಗಿ ಓಡಾಡಿತು.

ಅದನ್ನು ಅಲುಗಾಡಿಸಿದವನು ಇಂಗ್ಲೆಂಡಿನ ಜಾನ್ ಸ್ಮೀಟನ್. ಆತ 1750ರ ದಶಕದ ಆರಂಭದಲ್ಲಿ ಸುಮಾರು ಎರಡು ಅಡಿ ವ್ಯಾಸದ ಮಾದರಿ ಚಕ್ರವೊಂದನ್ನು ಕಟ್ಟಿದ. ಮೇಲಿನ ತೊಟ್ಟಿಯಿಂದ ಬಂದ ನೀರು ಚಕ್ರವನ್ನು ತಿರುಗಿಸಿ ಕೆಳಗೆ ಬೀಳುತ್ತಿತ್ತು. ಕೈಪಂಪಿನಿಂದ ಅದನ್ನು ಮತ್ತೆ ಮೇಲಕ್ಕೆ ಏರಿಸಿ ತೊಟ್ಟಿಯ ಮಟ್ಟ ಕಾಯ್ದುಕೊಳ್ಳಬೇಕು. ಚಕ್ರದ ಅಚ್ಚಿಗೆ ಸುತ್ತಿದ ಹಗ್ಗ ರಾಟೆಯ ಮೇಲೆ ಹಾದು ತೂಕದ ತಟ್ಟೆಯೊಂದನ್ನು ಎತ್ತುತ್ತಿತ್ತು. ಎಷ್ಟು ನೀರು, ಎಷ್ಟು ಎತ್ತರದಿಂದ, ಎಷ್ಟು ತೂಕ, ಎಷ್ಟು ಮೇಲಕ್ಕೆ ಎಂಬ ನಾಲ್ಕು ಅಂಕಿಗಳು ಸಿಕ್ಕರೆ ಸಾಕು, ವಾದಕ್ಕೆ ಜಾಗವಿಲ್ಲ. ಉಜ್ಜುವಿಕೆಯಲ್ಲಿ ಹೋಗುವ ನಷ್ಟವನ್ನೂ ಬೇರೆಯಾಗಿ ಅಳೆದು ಲೆಕ್ಕಕ್ಕೆ ಸೇರಿಸಿದ. 1759ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಆತ ತೋರಿಸಿದ್ದು ಇದು: ಭಾರದಿಂದ ತಿರುಗುವ ಚಕ್ರ ನೀರಿನ ಶಕ್ತಿಯ ಸುಮಾರು ಮೂರನೆಯ ಎರಡು ಪಾಲು ಕೊಡುತ್ತದೆ, ಬಡಿತದಿಂದ ತಿರುಗುವುದು ಹೆಚ್ಚೆಂದರೆ ಮೂರನೆಯ ಒಂದು ಪಾಲು. ಬಡಿತದ ಚಕ್ರಕ್ಕೆ ಒಳ್ಳೆಯ ವೇಗ ನೀರಿನ ವೇಗದ ಮೂರನೆಯ ಒಂದು ಪಾಲಿಗೂ ಅರ್ಧಕ್ಕೂ ನಡುವೆ. ಡೆಸಾಗುಲಿಯರ್ಸ್ ಹೇಳಿದ ಹತ್ತು ಪಟ್ಟೂ ಇಲ್ಲ, ಬೆಲಿಡೋರ್ ಹೇಳಿದ ಆರು ಪಟ್ಟೂ ಇಲ್ಲ. ಆ ಪ್ರಬಂಧಕ್ಕೆ ಸೊಸೈಟಿಯ ಆ ವರ್ಷದ ಕಾಪ್ಲೆ ಪದಕ ಬಂತು. ಬಡಿತದಲ್ಲಿ ಇಷ್ಟೊಂದು ಶಕ್ತಿ ಎಲ್ಲಿ ಹೋಗುತ್ತದೆ ಎಂಬುದಕ್ಕೂ ಸ್ಮೀಟನ್ ಸರಿಯಾದ ದಿಕ್ಕನ್ನೇ ತೋರಿಸಿದ: ನೀರು ಅಪ್ಪಳಿಸಿ, ಆಕಾರ ಕೆಟ್ಟು, ಚೆಲ್ಲಾಪಿಲ್ಲಿಯಾಗುವುದರಲ್ಲಿ.

ಸ್ಮೀಟನ್ ಅಳೆದದ್ದಕ್ಕೆ ನಿಯಮದ ರೂಪ ಕೊಟ್ಟವನು ಫ್ರಾನ್ಸಿನ ನೌಕಾಪಡೆಯ ಗಣಿತಜ್ಞ ಜಾನ್ ಶಾರ್ಲ್ ದ ಬೋರ್ಡಾ. 1767ರ ಪ್ರಬಂಧದಲ್ಲಿ ಆತ ಪಾರಾಂನ ಒಂಟಿ ಹಲಗೆಯ ಚಿತ್ರವನ್ನು ತಿದ್ದಿದ, ಆದರ್ಶ ಚಕ್ರಕ್ಕೆ ಎರಡು ಷರತ್ತು ಹಾಕಿದ: ನೀರು ಅಪ್ಪಳಿಸದೆ ಒಳಬರಬೇಕು, ವೇಗವಿಲ್ಲದೆ ಹೊರಹೋಗಬೇಕು. ಇದರ ಅರ್ಥವನ್ನು ಅಂಕಿಗಳಲ್ಲೇ ನೋಡಬಹುದು. ಸೆಕೆಂಡಿಗೆ 40 ಮೀಟರ್ ವೇಗದ ಧಾರೆ ಎಂದಿಟ್ಟುಕೊಳ್ಳೋಣ. ಪ್ರತಿ ಕಿಲೋ ನೀರು 800 ಜೂಲ್ ಶಕ್ತಿ ಹೊತ್ತು ಬರುತ್ತದೆ. ಚಪ್ಪಟೆ ಹಲಗೆಗಳ ಚಕ್ರ 20 ಮೀಟರ್ ವೇಗದಲ್ಲಿ ಓಡುತ್ತಿದ್ದರೆ, ನೀರು ಅದಕ್ಕೆ ಬಡಿದು ಪಕ್ಕಕ್ಕೆ ಹರಡಿ, ಹಲಗೆಯ ಜೊತೆಗೇ 20 ಮೀಟರ್ ವೇಗದಲ್ಲಿ ಮುಂದಕ್ಕೂ ಸಾಗುತ್ತದೆ. ಚಕ್ರಕ್ಕೆ ದಕ್ಕುವುದು 400 ಜೂಲ್, ಅಂದರೆ ಅರ್ಧ. ಹಲಗೆ ಎಷ್ಟೇ ನುಣುಪಾಗಿರಲಿ, ಬೇರಿಂಗ್ ಎಷ್ಟೇ ಒಳ್ಳೆಯದಿರಲಿ, ಈ ಅರ್ಧದ ಗೆರೆಯನ್ನು ಚಪ್ಪಟೆ ಹಲಗೆ ದಾಟಲಾರದು. ಈಗ ಹಲಗೆಯನ್ನು ಬಾಗಿಸಿ, ನೀರು ಒಳಹೊಕ್ಕು ಪೂರ್ತಿ ಹಿಂದಿರುಗಿ ಹೊರಡುವಂತೆ ಮಾಡೋಣ. ಚಕ್ರದ ಮೇಲೆ ಕೂತು ನೋಡುವವನಿಗೆ ನೀರು 20 ಮೀಟರ್ ವೇಗದಲ್ಲಿ ಬಂದು 20 ಮೀಟರ್ ವೇಗದಲ್ಲೇ ಹಿಂದಕ್ಕೆ ಹೋಗುತ್ತದೆ. ದಡದಲ್ಲಿ ನಿಂತವನಿಗೆ ಆ ನೀರು ನಿಂತೇಬಿಟ್ಟಿದೆ, ಹಾಗೆಯೇ ಕೆಳಗೆ ಉದುರುತ್ತದೆ. 800 ಜೂಲ್ ಪೂರ್ತಿ ಚಕ್ರಕ್ಕೆ. ವೇಗವಾಗಿ ಬಂದ ಕ್ರಿಕೆಟ್ ಚೆಂಡನ್ನು ಸುಮ್ಮನೆ ತಡೆದು ನಿಲ್ಲಿಸುವುದಕ್ಕಿಂತ ಬಂದ ವೇಗದಲ್ಲೇ ಹಿಂದಕ್ಕೆ ಬಾರಿಸಿದಾಗ ಬ್ಯಾಟಿಗೆ ಎರಡರಷ್ಟು ಸಂವೇಗ ತಗಲುವಂತೆ, ಇಲ್ಲಿಯೂ ತಳ್ಳುಬಲ ಎರಡರಷ್ಟಾಗುತ್ತದೆ. ನೀರಿನ ದಿಕ್ಕನ್ನು ತಿರುಗಿಸುವುದೇ ಕೆಲಸದ ಮರ್ಮ. ಅದು ಬರಿಗೈಯಲ್ಲಿ ಹೊರಟಿದೆಯೇ ಎಂಬುದೇ ಪರೀಕ್ಷೆ.

ನಿಯಮ 1767ರಲ್ಲೇ ಸಿಕ್ಕಿದ್ದರೆ ಅದನ್ನು ಪಾಲಿಸುವ ಚಕ್ರ 1880ರ ತನಕ ಏಕೆ ಕಾಯಬೇಕಾಯಿತು? ಪೂರ್ತಿ ಕಾಯಲಿಲ್ಲ ಎಂಬುದು ಉತ್ತರದ ಒಂದು ಭಾಗ. ಫ್ರಾನ್ಸಿನ ಸೇನಾ ಎಂಜಿನಿಯರ್ ಪೊನ್ಸ್‌ಲೆ 1820ರ ದಶಕದಲ್ಲಿ ಕೆಳಗಿನಿಂದ ತಳ್ಳುವ ಹಳೆಯ ಚಕ್ರದ ಹಲಗೆಗಳನ್ನು ಬಾಗಿಸಿದ. ನೀರು ಬಾಗಿದ ಅಲಗಿನ ಮೇಲೆ ಏರಿ, ತುದಿಯಲ್ಲಿ ನಿಂತು, ಹಿಂದಕ್ಕೆ ಜಾರಿ, ಬಹುತೇಕ ವೇಗವಿಲ್ಲದೆ ಹೊರಬೀಳುತ್ತಿತ್ತು. ದಕ್ಷತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬೋರ್ಡಾನ ಷರತ್ತು ಕಾಗದದಿಂದ ಕೊನೆಗೂ ಹೊಳೆಗೆ ಇಳಿಯಿತು. ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಫೂರ್ನೆರೋನ್ 1827ರಲ್ಲಿ ಬೇರೆಯದೇ ದಾರಿ ಹಿಡಿದು, ನೀರು ಒಳಗಿನಿಂದ ಹೊರಕ್ಕೆ ಹಾಯುವ ಟರ್ಬೈನ್ ಕಟ್ಟಿದ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಹಾಗಿದ್ದರೆ ಯೂರೋಪಿಗೆ ಎಲ್ಲವೂ ಗೊತ್ತಿತ್ತು, ಪೆಲ್ಟನ್ ಮಾಡಿದ್ದು ಪುನರಾವರ್ತನೆ ಮಾತ್ರವಲ್ಲವೇ? ಇದಕ್ಕೆ ಭೂಗೋಳವನ್ನು ನೋಡಿ ಉತ್ತರಿಸಬೇಕು. ಯೂರೋಪಿನ ಗಿರಣಿಗಳು ಬಹುಪಾಲು ನಿಂತದ್ದು ಕೆಲವೇ ಮೀಟರ್ ಬೀಳುವ, ಆದರೆ ಧಾರಾಳ ನೀರಿರುವ ಹೊಳೆಗಳ ದಡದಲ್ಲಿ. ಪೊನ್ಸ್‌ಲೆಯ ಚಕ್ರ ಅಂಥ ಹೊಳೆಗಳಿಗೆಂದೇ ಆದದ್ದು. ಜರ್ಮನಿಯ ಕಪ್ಪು ಅರಣ್ಯದ ಸೇಂಟ್ ಬ್ಲಾಸಿಯನ್‌ನಲ್ಲಿ ಫೂರ್ನೆರೋನ್ 1837ರಲ್ಲಿ 100 ಮೀಟರಿಗೂ ಮೀರಿದ ಬೀಳಿಗೆ ಪುಟ್ಟ ಟರ್ಬೈನ್ ಒಂದನ್ನು ಕೂರಿಸಿದ್ದ, ಅದು ನಿಮಿಷಕ್ಕೆ 2,300 ಸುತ್ತು ತಿರುಗುತ್ತಿತ್ತು. ಆದರೆ ಅಷ್ಟು ವೇಗದ, ಅಷ್ಟು ನಾಜೂಕಿನ ಯಂತ್ರವನ್ನು ಬೆಟ್ಟದ ನಡುವಿನ ಗಣಿಯೊಂದು ತನ್ನ ಹತ್ತಿರದ ಎರಕದ ಶೆಡ್ಡಿನಲ್ಲಿ ಮಾಡಿಸಿಕೊಂಡು, ಕೆಟ್ಟಾಗ ತಾನೇ ರಿಪೇರಿ ಮಾಡಿಕೊಳ್ಳುವುದು ಬೇರೆ ಮಾತು. ಕಡಿಮೆ ನೀರು, ಬಹಳ ಎತ್ತರ, ಸರಳ ಯಂತ್ರ ಎಂಬ ಮೂರೂ ಬೇಡಿಕೆಗಳು ಒಟ್ಟಿಗೆ ಎದುರಾದ ಜಾಗ ಬೇರೆಡೆ ಇತ್ತು.

ಆ ಜಾಗ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲು. 1849ರ ಚಿನ್ನದ ಹುಚ್ಚಿಗೆ ಓಡಿಬಂದವರು ಹೊಳೆಯ ಮರಳನ್ನು ಜಾಲಿಸಿ ಮುಗಿಸಿದ ಮೇಲೆ ಬೆಟ್ಟಕ್ಕೇ ಕೈಹಾಕಿದರು. 1853ರಲ್ಲಿ ನೆವಾಡಾ ಸಿಟಿಯ ಬಳಿ ಎಡ್ವರ್ಡ್ ಮ್ಯಾಟಿಸನ್ ಎಂಬಾತ ಕ್ಯಾನ್ವಾಸ್ ಕೊಳವೆಗೆ ಲೋಹದ ಮೂತಿ ಕಟ್ಟಿ, ನೀರಿನ ಧಾರೆಯಿಂದಲೇ ಗುಡ್ಡವನ್ನು ಕೊಚ್ಚುವ ವಿಧಾನ ತೋರಿಸಿದ. ಮುಂದಿನ 30 ವರ್ಷಗಳಲ್ಲಿ ಬೆಟ್ಟಗಳ ಮೇಲೆ ಕೆರೆಗಳು, ಮೈಲಿಗಟ್ಟಲೆ ಕಾಲುವೆಗಳು, ಕಬ್ಬಿಣದ ಕೊಳವೆಗಳು, ಫಿರಂಗಿಯಂಥ ನಾಜಲ್‌ಗಳು ಬಂದವು. ಕೊಚ್ಚಿಹೋದ ಮಣ್ಣು ಕೆಳಗಿನ ಬಯಲಿನ ಹೊಳೆಗಳಲ್ಲಿ ತುಂಬಿ, ಹೊಲಗಳನ್ನೂ ಪಟ್ಟಣಗಳನ್ನೂ ಮುಳುಗಿಸಿತು. ರೈತರು ಹೂಡಿದ ದಾವೆಯಲ್ಲಿ 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಮಣ್ಣನ್ನು ಹೊಳೆಗೆ ಬಿಡದಂತೆ ತಡೆಯೊಡ್ಡಿದ್ದರಿಂದ ಈ ಗಣಿಗಾರಿಕೆ ಕುಸಿಯಿತು. ಆದರೆ ಅಷ್ಟರಲ್ಲಿ ಅಲ್ಲಿನ ಜನರ ಕೈಗೆ ಒಂದು ಹೊಸ ವಸ್ತು ಸಿಕ್ಕಿತ್ತು: ಬಹಳ ಎತ್ತರದಿಂದ ಇಳಿದು, ಸಣ್ಣ ಮೂತಿಯಿಂದ ಗಟ್ಟಿಯಾದ ಕೋಲಿನ ಹಾಗೆ ಹೊಮ್ಮುವ ನೀರಿನ ಧಾರೆ. ಮೇಲಿನಿಂದ ತುಂಬುವ ತೊಟ್ಟಿಚಕ್ರ ಮೂರನೆಯ ಎರಡು ಪಾಲು ಕೊಡುತ್ತದೆ, ಅದೇ ಸಾಲದೇ ಎಂದರೆ ಇಲ್ಲಿ ಆ ಮಾತು ನಡೆಯದು. ಅಂಥ ಚಕ್ರದ ವ್ಯಾಸ ನೀರು ಬೀಳುವ ಎತ್ತರದಷ್ಟೇ ಇರಬೇಕು; 100 ಮೀಟರ್ ಬೀಳಿಗೆ 100 ಮೀಟರ್ ಚಕ್ರವನ್ನು ಯಾರೂ ಕಟ್ಟಲಾರರು. ಹಾಗಾಗಿ ಗಣಿಗಳವರು ಅದಿರು ಕುಟ್ಟುವ ಯಂತ್ರಗಳಿಗೆ ಹರ್ಡಿ-ಗರ್ಡಿ ಎಂಬ, ಚಪ್ಪಟೆ ಹಲಗೆ ಬಡಿದ ಸಣ್ಣ ಚಕ್ರವನ್ನು ಧಾರೆಯ ಮುಂದೆ ನಿಲ್ಲಿಸಿದರು. ಬೋರ್ಡಾನ ಲೆಕ್ಕ ಅವರಿಗೆ ತಿಳಿಯದಿದ್ದರೂ ಅರ್ಧದ ಗೆರೆ ಅವರನ್ನೂ ತಡೆದು ನಿಲ್ಲಿಸಿತು.

ಒಹಾಯೊದಲ್ಲಿ 1829ರಲ್ಲಿ ಹುಟ್ಟಿ, 1850ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಪೆಲ್ಟನ್ ಕ್ಯಾಂಪ್ಟನ್‌ವಿಲ್‌ನಲ್ಲಿ ಗಿರಣಿ ಕಟ್ಟುವ ಕಸುಬಿನಲ್ಲಿದ್ದ. ಅಷ್ಟರಲ್ಲಿ ಸಟರ್ ಕ್ರೀಕಿನ ನೈಟ್ ಕಾರ್ಖಾನೆ ಚಪ್ಪಟೆ ಹಲಗೆಯ ಜಾಗದಲ್ಲಿ ಬಾಗಿದ ಬಟ್ಟಲುಗಳನ್ನು ಕೂರಿಸಿ ಚಕ್ರಗಳನ್ನು ಮಾರುತ್ತಿತ್ತು. ಬಟ್ಟಲನ್ನು ಬಾಗಿಸಬೇಕು ಎಂಬುದು ಹೀಗೆ ಪೆಲ್ಟನ್ ಒಬ್ಬನ ಗುಟ್ಟಾಗಿರಲಿಲ್ಲ. ಆತ ಬಿಡಿಸಿದ್ದು ಅದರ ನಂತರದ ತೊಡಕನ್ನು. ಬಟ್ಟಲು ನೀರನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಆ ನೀರು ಹಿಂದೆ ಬರುವ ಬಟ್ಟಲಿನ ಬೆನ್ನಿಗೋ ಬರುವ ಧಾರೆಗೋ ಬಡಿಯುತ್ತದೆ. ಒಂದೇ ಪಕ್ಕಕ್ಕೆ ತಿರುಗಿಸಿದರೆ ಅಚ್ಚು ಪಕ್ಕಕ್ಕೆ ಒತ್ತಿಸಿಕೊಳ್ಳುತ್ತದೆ. ಪೆಲ್ಟನ್ 1878 ಮತ್ತು 1879ರಲ್ಲಿ ಬಗೆಬಗೆಯ ಆಕಾರದ ಬಟ್ಟಲುಗಳನ್ನು ಚಕ್ರಕ್ಕೆ ಕಟ್ಟಿ ಒಂದೊಂದನ್ನೂ ಪರೀಕ್ಷಿಸಿದ. ಕೊನೆಗೆ ನಿಂತದ್ದು ಎರಡು ಬಟ್ಟಲುಗಳನ್ನು ಬೆಸೆದಂಥ ರೂಪ. ನಡುವೆ ಚೂಪಾದ ಏಣು. ಧಾರೆ ಆ ಏಣಿಗೆ ತಗಲಿ ಸಮನಾಗಿ ಎರಡಾಗಿ ಸೀಳುತ್ತದೆ. ಒಂದೊಂದು ಪಾಲೂ ತನ್ನ ಗುಳಿಯ ಒಳಮೈಯನ್ನು ಸವರಿಕೊಂಡು ತಿರುಗಿ, ಹೊರ ಅಂಚಿನಿಂದ ಪಕ್ಕಕ್ಕೂ ಹಿಂದಕ್ಕೂ ಜಾರುತ್ತದೆ. ಎಡದ ಒತ್ತು ಬಲದ ಒತ್ತಿಗೆ ಸರಿಹೋಗುತ್ತದೆ. ಹೊರಬಿದ್ದ ನೀರು ಹಿಂದಿನ ಬಟ್ಟಲಿನ ದಾರಿಗೆ ಅಡ್ಡ ಬರುವುದಿಲ್ಲ. ಏಣು ಚೂಪಾಗಿರುವುದರಿಂದ ಅಪ್ಪಳಿಸದೆ ಒಳಬರುವ ಮೊದಲ ಷರತ್ತು, ಗುಳಿ ಬಾಗಿರುವುದರಿಂದ ವೇಗವಿಲ್ಲದೆ ಹೊರಹೋಗುವ ಎರಡನೆಯ ಷರತ್ತು ಒಂದೇ ಎರಕದಲ್ಲಿ ಕೂಡಿಬಂದವು. 1880ರ ಅಕ್ಟೋಬರ್ 26ರಂದು ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 1883ರಲ್ಲಿ ಗ್ರಾಸ್ ವ್ಯಾಲಿಯ ಐಡಹೊ ಗಣಿ ನಡೆಸಿದ ಸ್ಪರ್ಧೆಯಲ್ಲಿ ಪೆಲ್ಟನ್ ಚಕ್ರದ ದಕ್ಷತೆ ನೂರಕ್ಕೆ 90.2 ಬಂತು, ಅದಕ್ಕೆ ಹತ್ತಿರ ಬಂದ ಚಕ್ರದ್ದು 76.5.

ಈಗ ಆಕಸ್ಮಿಕದ ಕಥೆಯನ್ನು ಮತ್ತೊಮ್ಮೆ ತೂಗಿ ನೋಡಬಹುದು. ಚಕ್ರ ಜರುಗಿದ್ದು ನಿಜವೇ ಇರಬಹುದು. ಆದರೆ ಗಣಿಗಳಲ್ಲಿ ನೂರಾರು ಚಕ್ರಗಳು ಸಡಿಲವಾಗಿದ್ದವು, ಧಾರೆಗಳು ಅಂಚಿಗೂ ಬೀಳುತ್ತಿದ್ದವು, ಅವನ್ನು ಕಂಡವರೂ ಬೇಕಾದಷ್ಟಿದ್ದರು. ಕಂಡದ್ದು ಸುಳಿವಾಗಬೇಕಾದರೆ ನೋಡುವವನ ತಲೆಯಲ್ಲಿ ಪ್ರಶ್ನೆ ಮೊದಲೇ ಇರಬೇಕು. ಸುಳಿವು ಆಕಾರವಾಗಬೇಕಾದರೆ ಆಮೇಲೆ ತಿಂಗಳುಗಟ್ಟಲೆ ಪರೀಕ್ಷೆ ನಡೆಯಬೇಕು. ಕಥೆ ಇವೆರಡನ್ನೂ ಬಿಟ್ಟು ನಡುವಿನ ಒಂದು ಗಳಿಗೆಯನ್ನು ಮಾತ್ರ ಹಿಡಿದುಕೊಂಡಿದೆ. ಇದಕ್ಕೆ ಎದುರಾಗಿ ಇನ್ನೊಂದು ವಾದವೂ ಬರುತ್ತದೆ: ಪೆಲ್ಟನ್ ಬೋರ್ಡಾನನ್ನು ಓದಿರಲಿಲ್ಲ, ಆದ್ದರಿಂದ ಸಿದ್ಧಾಂತಕ್ಕೂ ಈ ಚಕ್ರಕ್ಕೂ ಸಂಬಂಧವಿಲ್ಲ. ಆತ ಪುಸ್ತಕದಿಂದ ಹೊರಟವನಲ್ಲ ಎಂಬುದನ್ನು ಒಪ್ಪೋಣ. ಆದರೆ ದಕ್ಷತೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳುವ, ಬಂದ ಶಕ್ತಿಗೂ ದಕ್ಕಿದ ಶಕ್ತಿಗೂ ತಾಳೆ ನೋಡುವ ಪದ್ಧತಿಯೇ ಸ್ಮೀಟನ್ನನ ಕಾಲದಿಂದ ಬೆಳೆದು ಬಂದದ್ದು. ಗ್ರಾಸ್ ವ್ಯಾಲಿಯ ಸ್ಪರ್ಧೆಯಲ್ಲಿ ಚಕ್ರಗಳ ನಡುವೆ ತೀರ್ಪು ಕೊಟ್ಟದ್ದು ಆ ತಾಳೆಯೇ. ಲೆಕ್ಕವನ್ನು ಓದದವನೂ ಲೆಕ್ಕ ಕಟ್ಟಿಕೊಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದ. ಮುಂದೆ ಬಟ್ಟಲಿನ ರೂಪವನ್ನು ಡೋಬಲ್ ಕುಟುಂಬದವರು ಅಂಡಾಕಾರಕ್ಕೆ ತಿದ್ದಿದ್ದು, ನೀರು ಬಟ್ಟಲಿನೊಳಗೆ ಹರಿಯುವ ಜಾಡನ್ನು ಎಂಜಿನಿಯರುಗಳು ಗೆರೆ ಎಳೆದು ಲೆಕ್ಕ ಹಾಕಿದ್ದು, ಇದೇ ಸಂಬಂಧ ಎರಡೂ ಕಡೆಯಿಂದ ಗಟ್ಟಿಯಾದದ್ದರ ಗುರುತು.

ಕನ್ನಡ ನಾಡಿಗೂ ಈ ಇತಿಹಾಸಕ್ಕೂ ಇರುವ ಕೊಂಡಿ ಕೂಡ ಚಿನ್ನದ ಗಣಿಯಿಂದಲೇ ಶುರುವಾಗುತ್ತದೆ. ಕೋಲಾರದ ಗಣಿಗಳಿಗೆ ಶಕ್ತಿ ಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದ ಕಾವೇರಿಯನ್ನು ಆರಿಸಿಕೊಂಡಿತು, ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಯೋಜನೆ ಹಾಕಿದರು. ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಟರ್ಬೈನುಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಜನರೇಟರುಗಳು ಬಂದವು. 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಪೆಲ್ಟನ್ ಚಕ್ರ ತನ್ನ ಪೂರ್ಣ ರೂಪದಲ್ಲಿ ಕಾಣುವುದು ಮಲೆನಾಡಿನಲ್ಲಿ. 1960ರ ದಶಕದಲ್ಲಿ ಕೆಲಸ ಆರಂಭಿಸಿದ ಶರಾವತಿ ವಿದ್ಯುದಾಗಾರದಲ್ಲಿ ನೀರು 400 ಮೀಟರಿಗೂ ಮೀರಿದ ಎತ್ತರದಿಂದ ಪೆನ್‌ಸ್ಟಾಕ್ ಕೊಳವೆಗಳಲ್ಲಿ ಇಳಿದು, ನಾಜಲ್ ದಾಟುವಾಗ ಸೆಕೆಂಡಿಗೆ ಸುಮಾರು 90 ಮೀಟರ್ ವೇಗ ಪಡೆಯುತ್ತದೆ. ಅಲ್ಲಿರುವುದು ತಲಾ 103.5 ಮೆಗಾವಾಟ್‌ನ ಹತ್ತು ಘಟಕಗಳು, ಒಟ್ಟು 1,035 ಮೆಗಾವಾಟ್. ಘಟಕ ಎಷ್ಟೇ ದೊಡ್ಡದಾದರೂ ಬಟ್ಟಲಿನ ನಡುವೆ ಅದೇ ಏಣು, ಅಂಚಿನಲ್ಲಿ ಅದೇ ಬಾಗು, ಚಕ್ರದ ವೇಗ ಧಾರೆಯ ಹೆಚ್ಚುಕಡಿಮೆ ಅರ್ಧ. ಈ ಯೋಜನೆಗಾಗಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು, ತೋಟ, ಗದ್ದೆ ಮುಳುಗಿದವರ ನಷ್ಟ ಯಂತ್ರದ ದಕ್ಷತೆಯ ಅಂಕಿಯೊಳಗೆ ಸೇರಿಲ್ಲ. ಸಿಯೆರಾ ನೆವಾಡಾದ ಕೆಳಗಿನ ರೈತರ ಹಾನಿ ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಬರಲು 30 ವರ್ಷ ಹಿಡಿಯಿತು. ಮುಳುಗಡೆಯವರ ಲೆಕ್ಕ ನಮ್ಮಲ್ಲಿ ಇನ್ನೂ ಚುಕ್ತಾ ಆಗಿಲ್ಲ. ಚಕ್ರದ ಇತಿಹಾಸ ಬರೆಯುವವರು ಇದನ್ನು ಬಿಟ್ಟು ಬರೆದರೆ ಅದೂ ಅರ್ಧ ಲೆಕ್ಕವೇ.

ಹಾಗಾದರೆ ಈ ಚಕ್ರದ ಶ್ರೇಯಸ್ಸು ಯಾರಿಗೆ? ಪಾರಾಂ ಗಣಿತ ತಂದ, ಚಿತ್ರದಲ್ಲಿ ತಪ್ಪಿದ. ಆದರೂ ಗರಿಷ್ಠವೊಂದಿದೆ ಎಂದು ಕೇಳಲು ಕಲಿಸಿದವನು ಆತನೇ. ಸ್ಮೀಟನ್ ಅಳತೆಯಿಂದ ದೊಡ್ಡವರ ಮಾತನ್ನು ತಿದ್ದಿದ. ಬೋರ್ಡಾ ಗುರಿಯನ್ನು ಎರಡು ಷರತ್ತುಗಳಲ್ಲಿ ಹೇಳಿದ. ಸಿಯೆರಾ ನೆವಾಡಾದ ಬೆಟ್ಟಗಳು ಆ ಗುರಿ ಅನಿವಾರ್ಯವಾಗುವಂಥ ಧಾರೆಯನ್ನು ಒದಗಿಸಿದವು. ಆ ಧಾರೆಯ ಮುಂದೆ ಬಟ್ಟಲುಗಳನ್ನು ಒಂದೊಂದಾಗಿ ಕಟ್ಟಿ ಬಿಚ್ಚಿದ ಪೆಲ್ಟನ್ ಆಕಾರವನ್ನು ಕಂಡುಕೊಂಡ. ಇವರಲ್ಲಿ ಒಬ್ಬರನ್ನು ತೆಗೆದರೂ ಸರಪಣಿ ತುಂಡಾಗುತ್ತದೆ. ಜರುಗಿದ ಚಕ್ರವನ್ನೋ ಹಸುವಿನ ಮೂಗನ್ನೋ ತೆಗೆದರೆ ಏನೂ ತುಂಡಾಗುವುದಿಲ್ಲ. ಪೆಲ್ಟನ್ನನ ಪರೀಕ್ಷೆಗಳ ಸಾಲಿನಲ್ಲಿ ಆ ಆಕಾರಕ್ಕೂ ಸರದಿ ಬಂದೇ ಬರುತ್ತಿತ್ತು. ಶಾಲೆಗಳಲ್ಲಿ ಆವಿಷ್ಕಾರದ ಕಥೆ ಹೇಳುವಾಗ ಈ ಭೇದ ಮುಖ್ಯ. ಅದೃಷ್ಟದ ಕಥೆ ಕೇಳಿದ ಮಗು ತನ್ನ ಅದೃಷ್ಟಕ್ಕೆ ಕಾಯಲು ಕಲಿಯುತ್ತದೆ. ಒಂದು ಯಂತ್ರ ಏನನ್ನು ವ್ಯರ್ಥ ಮಾಡುತ್ತಿದೆ ಎಂದು ಕೇಳಿ, ಅದನ್ನು ಅಳೆದು, ಅಳತೆಯನ್ನು ಎಲ್ಲರ ಮುಂದೆ ಇಟ್ಟವರ ಕಥೆ ಕೇಳಿದ ಮಗುವಿಗೆ ಕೆಲಸ ಎಲ್ಲಿಂದ ಶುರುಮಾಡಬೇಕು ಎಂಬುದು ತಿಳಿಯುತ್ತದೆ.